ಮೂರು ವರ್ಷಕ್ಕೆಂದು ಹೊರಟ ಮೇಷ್ಟ್ರು

ಕಳೆದ ಡಿಸೆಂಬರ್‌ನಲ್ಲಿ ನನ್ನ ಚಿಕ್ಕಪ್ಪನ ಮಗ ದೆಹಲಿ ನೋಡಲೆಂದು ದಾವಣಗೆರೆಯಿಂದ ಬಂದಿದ್ದ. ನನಗಿಂತ ಆರು ವರ್ಷ ಚಿಕ್ಕವನು. ಟೈಲರ್ ಅಂಗಡಿ ಇಟ್ಟುಕೊಂಡಿದ್ದಾನೆ. ಹುಟ್ಟಿನಿಂದಲೂ ಕಿವಿ ಕೇಳಿಸುವುದಿಲ್ಲ. ಕನ್ನಡ ಓದುತ್ತಾನೆ, ಬರೆಯುತ್ತಾನೆ. ಹಿಂದಿ ಬಾರದು, ಇಂಗ್ಲಿಷ್ ಅಷ್ಟಕ್ಕಷ್ಟೆ. ಹೀಗಾಗಿ ನಿಜಾಮುದ್ದೀನ್ ಸ್ಟೇಷನ್ನಿನಲ್ಲಿ ರೈಲು ಇಳಿದ ಗಳಿಗೆಯಿಂದ ನಾನು ಅವನ ಬೆನ್ನು ಬಿಟ್ಟಿರಲಿಲ್ಲ. ಇಷ್ಟು ದೊಡ್ಡ ಊರಿನಲ್ಲಿ ಎಲ್ಲಿ ತಪ್ಪಿಸಿಕೊಳ್ಳುತ್ತಾನೋ ಎಂಬ ದಿಗಿಲು.

ಮೂರನೆಯ ದಿನ ಮೆಟ್ರೊದಲ್ಲಿ ಹೋಗುತ್ತಿದ್ದೆವು. ಬೋಗಿಯ ಆ ತುದಿಯಲ್ಲಿ ನಾಲ್ಕು ಜನ ಹುಡುಗರು ಸನ್ನೆ ಭಾಷೆಯಲ್ಲಿ ಮಾತಾಡುತ್ತಾ ನಿಂತಿದ್ದರು. ದೆಹಲಿಯಲ್ಲಿರುವವರಿಗೆ ಇದು ಹೊಸ ನೋಟವೇನಲ್ಲ. ತಮ್ಮ ಅವರನ್ನು ನೋಡಿದವನೇ ಜನರ ನಡುವೆ ನುಸುಳಿಕೊಂಡು ಅತ್ತ ಹೋದ. ಎರಡು ಸ್ಟೇಷನ್ ದಾಟುವಷ್ಟರಲ್ಲಿ ಐವರೂ ನಗುತ್ತಿದ್ದರು. ನಾಲ್ಕನೆಯ ಸ್ಟೇಷನ್ನಿಗೆ ಫೋನ್ ನಂಬರ್ ಬದಲಾಯಿಸಿಕೊಂಡಾಗಿತ್ತು.

ನಾನು ಈ ಊರಿಗೆ ಬಂದು 14 ವರ್ಷ. ಇವತ್ತಿಗೂ ತರಕಾರಿ ಗಾಡಿಯವನ ಮುಂದೆ ಹಿಂದಿಯ ಸ್ತ್ರೀಲಿಂಗ, ಪುಲ್ಲಿಂಗಕ್ಕೆ ತಡವರಿಸುತ್ತೇನೆ. ಮೂರು ದಿನದ ಹಿಂದೆ ಬಂದವನು ಮಾತಿನಲ್ಲಿ ಮುಳುಗಿಹೋಗಿದ್ದ. ಕಂಬಿ ಹಿಡಿದು ಪಕ್ಕದಲ್ಲಿ ನಿಂತ ನಾನೇ ಆ ಗುಂಪಿನಲ್ಲಿ ಏನೂ ತಿಳಿಯದವನು.

ಆಗ ತಮ್ಮ ನನ್ನತ್ತ ಕೈ ತೋರಿಸಿ, ತಲೆಯ ಪಕ್ಕದಲ್ಲಿ ತೋರುಬೆರಳನ್ನು ಸುರುಳಿಯಾಗಿ ತಿರುಗಿಸಿದ. ಚಿಕ್ಕಂದಿನಿಂದ ಅವನು ಹೀಗೆ ಮಾಡುವುದನ್ನು ನೋಡಿದ್ದೇನೆ. ನನಗೆ ತಲೆ ಕೆಟ್ಟಿದೆ ಎಂದು ಛೇಡಿಸುತ್ತಾನೆ ಅಂದುಕೊಂಡು ಎಷ್ಟೋ ಸಲ ಅವನ ತಲೆಗೆ ಮೊಟಕಿದ್ದೂ ಉಂಟು. ಆ ಹುಡುಗರಲ್ಲೊಬ್ಬ ನನ್ನ ಮುಖ ನೋಡಿ, ಫೋನಿನಲ್ಲಿ ಇಂಗ್ಲಿಷ್‌ನಲ್ಲಿ ಬರೆದು ತೋರಿಸಿದ: ಅದು ನನ್ನ ಹೆಸರಂತೆ. ಗುಂಗುರು ಕೂದಲಿನವನು ಎಂದರ್ಥವಂತೆ. ಕೂದಲು ಉದುರಿ ಎಷ್ಟೋ ವರ್ಷವಾಗಿದೆ. ಹೆಸರು ಮಾತ್ರ ಹಾಗೆಯೇ ಉಳಿದಿದೆ. ನನಗೊಂದು ಹೆಸರಿದೆ ಎಂಬುದೇ ನನಗೆ ತಿಳಿದಿರಲಿಲ್ಲ.

ಅಂದು ರಾತ್ರಿ ಸನ್ನೆ ಹೆಸರುಗಳ ಬಗ್ಗೆ ಓದುತ್ತಾ ಕೂತೆ. ಹಾಗೆ ಓದುವಾಗ ಸಿಕ್ಕವರು ಲೊರಾಂ ಕ್ಲೇರ್. ಅಮೆರಿಕದವರು ಲಾರೆಂಟ್ ಕ್ಲರ್ಕ್ ಎಂದು ಓದುವುದುಂಟು. ಆದರೆ ಕಿವುಡರ ಲೋಕದಲ್ಲಿ ಅವರ ಹೆಸರು ಎರಡು ಬೆರಳು. ತೋರುಬೆರಳು, ನಡುಬೆರಳು ಜೋಡಿಸಿ ಬಲಗೆನ್ನೆಯನ್ನು ಸವರಿದರೆ ಅದೇ ಕ್ಲೇರ್. ತೀರಿಕೊಂಡು ಒಂದೂವರೆ ಶತಮಾನವಾದರೂ ಆ ಹೆಸರು ಇನ್ನೂ ಬಳಕೆಯಲ್ಲಿದೆ. ಮೂರು ವರ್ಷದ ಒಪ್ಪಂದಕ್ಕೆ ಸಹಿ ಹಾಕಿ ಪರದೇಶಕ್ಕೆ ಹೊರಟು, ಅಲ್ಲೇ ಮಣ್ಣಾದ ಮನುಷ್ಯ. ಎರಡು ವರ್ಷ ಇದ್ದು ವಾಪಸ್ ಬರುತ್ತೇನೆ ಎಂದು ಅಮ್ಮನಿಗೆ ಹೇಳಿ ಬಂದ ನಮ್ಮಂಥವರಿಗೆ ಈ ಕತೆ ಹತ್ತಿರದ್ದು ಎನಿಸಿತು.

ಕ್ಲೇರ್ ಹುಟ್ಟಿದ್ದು 1785ರ ಡಿಸೆಂಬರ್ 26ರಂದು, ಫ್ರಾನ್ಸ್‌ನ ಲಿಯೋನ್ ನಗರದ ಕಡೆಯ ಲಾ ಬಾಲ್ಮ್ ಎಂಬ ಹಳ್ಳಿಯಲ್ಲಿ. ತಂದೆ ದಸ್ತಾವೇಜು ಬರೆಯುವ ನೋಟರಿ, ಊರಿನ ಮೇಯರ್ ಕೂಡ. ಒಂದು ವರ್ಷದ ಮಗುವಾಗಿದ್ದಾಗ ಕುರ್ಚಿಯಿಂದ ಒಲೆಯ ಬೆಂಕಿಗೆ ಬಿದ್ದು ಬಲಗೆನ್ನೆ ಸುಟ್ಟಿತು. ಕಿವಿ ಹೋದದ್ದು, ವಾಸನೆ ತಿಳಿಯದಂತಾದದ್ದು ಅದರಿಂದಲೇ ಎಂದು ಮನೆಯವರು ನಂಬಿದ್ದರು. ಹುಟ್ಟಿನಿಂದಲೇ ಹಾಗಿತ್ತೋ ಏನೋ ಎಂಬ ಅನುಮಾನ ಕ್ಲೇರ್‌ಗೆ ಕೊನೆಯವರೆಗೂ ಇತ್ತು. ಕೆನ್ನೆಯ ಕಲೆಯಂತೂ ಉಳಿಯಿತು. ಅದೇ ಮುಂದೆ ಹೆಸರಾಯಿತು.

ಹನ್ನೆರಡು ವರ್ಷದವರೆಗೆ ಹುಡುಗ ಶಾಲೆಯ ಮುಖ ನೋಡಲಿಲ್ಲ. 1797ರಲ್ಲಿ ಅವನ ಹೆಸರಿಟ್ಟುಕೊಂಡಿದ್ದ ಅಂಕಲ್ ಒಬ್ಬರು ಪ್ಯಾರಿಸ್ಸಿಗೆ ಕರೆದೊಯ್ದು ಕಿವುಡ ಮಕ್ಕಳ ಶಾಲೆಗೆ ಸೇರಿಸಿದರು. ಅದು ಪಾದ್ರಿ ದ ಲೆಪೆ ಆರಂಭಿಸಿದ್ದ ಶಾಲೆ. ಪ್ಯಾರಿಸ್ಸಿನ ಇಬ್ಬರು ಕಿವುಡ ಅಕ್ಕತಂಗಿಯರು ತಮ್ಮತಮ್ಮಲ್ಲೇ ಕೈಯಲ್ಲಿ ಮಾತಾಡುವುದನ್ನು ಕಂಡು, ಕಿವುಡರಿಗೆ ಪಾಠ ಹೇಳಲು ಇದೇ ದಾರಿ ಎಂದು ಹೊಳೆದವರು ಅವರು. ಸನ್ನೆ ಭಾಷೆಯನ್ನು ಅವರು ಹುಟ್ಟಿಸಲಿಲ್ಲ. ಕಿವುಡರಲ್ಲಿ ಆಗಲೇ ಇದ್ದದ್ದನ್ನು ಕಲಿತು, ಅದಕ್ಕೆ ಫ್ರೆಂಚ್ ವ್ಯಾಕರಣದ ಒಂದಿಷ್ಟು ಜೋಡಣೆ ಮಾಡಿಕೊಂಡರು. ಕ್ಲೇರ್ ಸೇರುವ ಹೊತ್ತಿಗೆ ಅವರು ತೀರಿಕೊಂಡಿದ್ದರು. ಪಾದ್ರಿ ಸಿಕಾರ್ ಶಾಲೆಯ ಮುಖ್ಯಸ್ಥರಾಗಿದ್ದರು.

ಕ್ಲೇರ್‌ಗೆ ಮೊದಲು ಪಾಠ ಹೇಳಿದವರು ಜ್ಯಾಂ ಮಾಸಿಯು, ತಾವೂ ಕಿವುಡರೇ. ತನ್ನ ಹಾಗೆಯೇ ಕಿವಿ ಕೇಳಿಸದ ದೊಡ್ಡವರೊಬ್ಬರು ಮೇಷ್ಟ್ರ ಕುರ್ಚಿಯಲ್ಲಿ ಕೂತದ್ದನ್ನು ಆ ಹುಡುಗ ಕಂಡದ್ದು ಅಲ್ಲೇ. ನನ್ನ ತಮ್ಮನಿಗೆ ಅಂಥದ್ದು ಒಂದು ದಿನವೂ ಸಿಗಲಿಲ್ಲ.

ಅದೇ ಶಾಲೆಯಲ್ಲಿ ಇನ್ನೊಬ್ಬ ಪಾದ್ರಿ ಮಕ್ಕಳಿಗೆ ಬಾಯಿಮಾತು ಕಲಿಸಲು ಹೊರಟಿದ್ದರು. ಕ್ಲೇರ್‌ಗೆ ದ ಮತ್ತು ತ ಅಕ್ಷರಗಳ ಉಚ್ಚಾರಣೆಯಲ್ಲಿ ವ್ಯತ್ಯಾಸ ಮಾಡಲು ಆಗುತ್ತಿರಲಿಲ್ಲ. ಒಂದು ದಿನ ಪಾದ್ರಿಗೆ ಸಿಟ್ಟು ಬಂದು ಹುಡುಗನ ಗಲ್ಲದ ಕೆಳಗೆ ಗುದ್ದಿದರು. ನಾಲಿಗೆ ಹಲ್ಲಿಗೆ ಸಿಕ್ಕಿ ಕಚ್ಚಿಹೋಯಿತು. ಇನ್ನೆಂದೂ ಬಾಯಿಯಿಂದ ಮಾತಾಡುವುದಿಲ್ಲ ಎಂದು ಹುಡುಗ ಅವತ್ತೇ ನಿಶ್ಚಯಿಸಿದ. ಓದು, ಬರಹ ಮತ್ತು ಸನ್ನೆ, ಇಷ್ಟರಲ್ಲೇ ಬದುಕುತ್ತೇನೆ ಎಂದುಕೊಂಡ. ಹಾಗೆಯೇ ಬದುಕಿದ. ಇಪ್ಪತ್ತರ ಆಸುಪಾಸಿನಲ್ಲಿ ಅದೇ ಶಾಲೆಯಲ್ಲಿ ಪಾಠ ಹೇಳತೊಡಗಿದ.

ಈಗ ಅಟ್ಲಾಂಟಿಕ್ ಸಾಗರದ ಆಚೆಯ ಕತೆ. ಅಮೆರಿಕದ ಹಾರ್ಟ್‌ಫರ್ಡ್ ಎಂಬ ಊರಿನಲ್ಲಿ ಡಾಕ್ಟರ್ ಮೇಸನ್ ಕಾಗ್ಸ್‌ವೆಲ್ ಇದ್ದರು. ಅವರ ಮಗಳು ಆಲಿಸ್‌ಗೆ ಎರಡು ವರ್ಷವಿದ್ದಾಗ ಜ್ವರ ಬಂದು ಕಿವಿ ಹೋಗಿತ್ತು. ಆ ದೇಶದಲ್ಲಿ ಕಿವುಡ ಮಕ್ಕಳಿಗೆ ನೆಲೆಯಾದ ಶಾಲೆ ಒಂದೂ ಇರಲಿಲ್ಲ. ಪಕ್ಕದ ಮನೆಯ ತರುಣ ಥಾಮಸ್ ಹಾಪ್ಕಿನ್ಸ್ ಗ್ಯಾಲೊಡೆಟ್‌ಗೆ ಆ ಹುಡುಗಿಯ ಮೇಲೆ ಅಕ್ಕರೆ. ಊರವರು ಹಣ ಕೂಡಿಸಿ, ಯುರೋಪಿಗೆ ಹೋಗಿ ವಿದ್ಯೆ ಕಲಿತು ಬಾ ಎಂದು 1815ರಲ್ಲಿ ಅವನನ್ನು ಕಳುಹಿಸಿದರು.

ಗ್ಯಾಲೊಡೆಟ್ ಮೊದಲು ಹೋದದ್ದು ಬ್ರಿಟನ್ನಿಗೆ. ಅಲ್ಲಿ ಬ್ರೇಡ್‌ವುಡ್ ಮನೆತನದವರು ಬಾಯಿಮಾತು ಕಲಿಸುವ ಶಾಲೆಗಳನ್ನು ನಡೆಸುತ್ತಿದ್ದರು. ಅವರಿಗೆ ವಿದ್ಯೆಯೆಂದರೆ ಮನೆಯ ಗುಟ್ಟು, ವ್ಯಾಪಾರದ ಬಂಡವಾಳ. ಸುಲಭಕ್ಕೆ ಬಿಟ್ಟುಕೊಡಲಿಲ್ಲ. ಅದೇ ಹೊತ್ತಿಗೆ ಸಿಕಾರ್, ಮಾಸಿಯು ಮತ್ತು ಕ್ಲೇರ್ ಲಂಡನ್ನಿಗೆ ಬಂದಿದ್ದರು. ಸಭೆಯವರು ಕೇಳಿದ ಪ್ರಶ್ನೆಗಳಿಗೆ ಇಬ್ಬರು ಕಿವುಡ ಮೇಷ್ಟ್ರುಗಳು ಬರೆದು ಉತ್ತರಿಸುವ ಪ್ರದರ್ಶನ ಅವರದು. ಅದನ್ನು ಕಂಡ ಗ್ಯಾಲೊಡೆಟ್ ಮರುವರ್ಷ ಪ್ಯಾರಿಸ್ಸಿಗೇ ಹೋದ. ಅಲ್ಲಿ ಬಾಗಿಲು ತೆರೆದಿತ್ತು. ತರಗತಿಯಲ್ಲಿ ಕೂತು ಕಲಿತ, ಕ್ಲೇರ್ ಹತ್ತಿರ ಪಾಠ ಹೇಳಿಸಿಕೊಂಡ. ಕೈಯಲ್ಲಿದ್ದ ಕಾಲ, ಹಣ ಎರಡೂ ಮುಗಿಯುತ್ತಾ ಬಂದಾಗ ಅವನಿಗೆ ಬೇರೆಯೇ ಯೋಚನೆ ಬಂತು. ವಿದ್ಯೆಯನ್ನು ಒಯ್ಯುವ ಬದಲು ಮೇಷ್ಟ್ರನ್ನೇ ಕರೆದೊಯ್ದರೆ?

ಕ್ಲೇರ್‌ಗೆ ಆಗ 30 ವರ್ಷ. ಸಿಕಾರ್‌ಗೆ ಅವರನ್ನು ಬಿಟ್ಟುಕೊಡಲು ಮನಸ್ಸಿರಲಿಲ್ಲ, ತಾಯಿಗೂ ಇಷ್ಟವಿರಲಿಲ್ಲ. ಕಡೆಗೆ ಮೂರು ವರ್ಷದ ಕರಾರು ಬರೆದು ಆಯಿತು. 1816ರ ಜೂನ್ 18ರಂದು ಹಡಗು ಹೊರಟಿತು. ನ್ಯೂಯಾರ್ಕ್ ತಲುಪಿದ್ದು ಆಗಸ್ಟ್ 9ರಂದು.

ಆ 52 ದಿನಗಳ ಪ್ರಯಾಣವೇ ಈ ಕತೆಯಲ್ಲಿ ನನಗೆ ಬಹಳ ಹಿಡಿಸಿದ್ದು. ಹಡಗಿನಲ್ಲಿ ಇಬ್ಬರೂ ಮೇಷ್ಟ್ರು, ಇಬ್ಬರೂ ವಿದ್ಯಾರ್ಥಿ. ಗ್ಯಾಲೊಡೆಟ್ ಇಂಗ್ಲಿಷ್ ಕಲಿಸಿದ, ಕ್ಲೇರ್ ಸನ್ನೆ ಕಲಿಸಿದರು. ಕ್ಲೇರ್ ದಿನಚರಿಯನ್ನು ಇಂಗ್ಲಿಷ್‌ನಲ್ಲೇ ಬರೆದು ಅಭ್ಯಾಸ ಮಾಡಿದರು. ಒಬ್ಬ ಉಪಕಾರಿ, ಇನ್ನೊಬ್ಬ ಕೈಯೊಡ್ಡಿದವ ಎಂಬ ಲೆಕ್ಕ ಅಲ್ಲಿರಲಿಲ್ಲ. ಭಾಷೆಗೆ ಭಾಷೆ, ಸಮಸಮ. ಮೂವತ್ತು ವರ್ಷ ಒಂದೇ ಮನೆತನದಲ್ಲಿ ಇದ್ದೂ ನಾನು ತಮ್ಮನಿಗೆ ತುಟಿ ಓದುವುದನ್ನು ಕಲಿಸಲು ನೋಡಿದೆನೇ ಹೊರತು, ಅವನಿಂದ ಒಂದು ಸನ್ನೆಯನ್ನೂ ಕಲಿಯಲಿಲ್ಲ. ಕಲಿಯಲು ಅಲ್ಲೇನೋ ಇದೆ ಎಂದೇ ಅನಿಸಿರಲಿಲ್ಲ.

ಹಾರ್ಟ್‌ಫರ್ಡ್‌ನಲ್ಲಿ 11 ವರ್ಷದ ಆಲಿಸ್ ಕಾದಿದ್ದಳು. ಆದರೆ ಶಾಲೆಗೆ ದುಡ್ಡು ಬೇಕಲ್ಲ. ಕ್ಲೇರ್, ಗ್ಯಾಲೊಡೆಟ್ ಊರೂರು ತಿರುಗಿದರು: ಬಾಸ್ಟನ್, ನ್ಯೂಯಾರ್ಕ್, ಫಿಲಡೆಲ್ಫಿಯಾ. ಕ್ಲೇರ್ ಸಭೆಗಳ ಮುಂದೆ ನಿಂತು ಪ್ರಶ್ನೆಗಳಿಗೆ ಬರೆದು ಉತ್ತರ ಕೊಡುತ್ತಿದ್ದರು, ಅದೂ ಕೆಲವೇ ತಿಂಗಳ ಹಿಂದೆ ಕಲಿತ ಇಂಗ್ಲಿಷ್‌ನಲ್ಲಿ. ಕಿವುಡರಿಗೆ ಬುದ್ಧಿ ಕಡಿಮೆ ಎಂದುಕೊಂಡಿದ್ದವರಿಗೆ ಆ ಬರಹವೇ ಜವಾಬು. ಕನೆಕ್ಟಿಕಟ್ ರಾಜ್ಯದ ಶಾಸನಸಭೆ 5,000 ಡಾಲರ್ ಮಂಜೂರು ಮಾಡಿತು. 1817ರ ಏಪ್ರಿಲ್ 15ರಂದು ಏಳು ಮಕ್ಕಳೊಂದಿಗೆ ಶಾಲೆ ತೆರೆಯಿತು. ದಾಖಲಾತಿಯಲ್ಲಿ ಮೊದಲ ಹೆಸರು ಆಲಿಸ್‌ಳದು. ಮರುವರ್ಷ ಕ್ಲೇರ್ ವಾಷಿಂಗ್ಟನ್ನಿಗೆ ಹೋಗಿ ಅಧ್ಯಕ್ಷ ಮನ್ರೊ ಅವರನ್ನೂ ಸಂಸತ್ತಿನವರನ್ನೂ ಕಂಡುಬಂದರು. 1819ರಲ್ಲಿ ಕಾಂಗ್ರೆಸ್ ಆ ಶಾಲೆಗೆ ಭೂಮಿ ಕೊಟ್ಟಿತು. ಅದನ್ನು ಮಾರಿ ಬಂದ ಹಣ ಶಾಲೆಗೆ ಆಧಾರವಾಯಿತು.

ಶಾಲೆಯ ಮಕ್ಕಳು ಬರಿಗೈಯಲ್ಲಿ ಬಂದವರಲ್ಲ. ಒಬ್ಬೊಬ್ಬರೂ ತಮ್ಮ ಮನೆಯ ಸನ್ನೆಗಳನ್ನು ತಂದಿದ್ದರು. ಮಾರ್ಥಾಸ್ ವಿನ್‌ಯಾರ್ಡ್ ಎಂಬ ದ್ವೀಪದಲ್ಲಿ ತಲೆತಲಾಂತರದಿಂದ ಕಿವುಡರು ಹೆಚ್ಚು. ಅಲ್ಲಿ ಕೇಳಿಸುವವರೂ ಕೈಯಲ್ಲೇ ಮಾತಾಡುತ್ತಿದ್ದರು. ಆ ದ್ವೀಪದ ಮಕ್ಕಳೂ ಬಂದರು. ಕ್ಲೇರ್ ತಂದ ಪ್ಯಾರಿಸ್ಸಿನ ಭಾಷೆ, ದ್ವೀಪದ ಭಾಷೆ, ಹಳ್ಳಿಯ ಮನೆಗಳ ಸನ್ನೆಗಳು ಎಲ್ಲ ಹಾಸ್ಟೆಲ್ಲಿನ ಅಂಗಳದಲ್ಲಿ, ಊಟದ ಮೇಜಿನಲ್ಲಿ ಬೆರೆತವು. ಇವತ್ತಿನ ಅಮೆರಿಕನ್ ಸನ್ನೆ ಭಾಷೆ ಹೀಗೆ ಬೆಳೆಯಿತು. ಹಾಗಾಗಿ ಒಂದೇ ಇಂಗ್ಲಿಷ್ ಮಾತಾಡುವ ದೇಶಗಳಾದರೂ ಅಮೆರಿಕದ ಸನ್ನೆ ಭಾಷೆಗೆ ಬ್ರಿಟನ್ನಿನದು ನೆಂಟನಲ್ಲ, ಫ್ರಾನ್ಸಿನದು ನೆಂಟ. ಸನ್ನೆ ಭಾಷೆ ಬಾಯಿಮಾತಿನ ನೆರಳಲ್ಲ ಎಂಬುದಕ್ಕೆ ಇದಕ್ಕಿಂತ ಸರಳ ಸಾಕ್ಷಿ ಬೇಡ. ಬೇರೆ ರಾಜ್ಯಗಳಲ್ಲಿ ಶಾಲೆ ತೆರೆಯುವವರು ಹಾರ್ಟ್‌ಫರ್ಡ್‌ಗೆ ಬಂದು ಕಲಿತು ಹೋದರು. ಕ್ಲೇರ್ ಕೈಯಲ್ಲಿ ಓದಿದ ಕಿವುಡರೇ ಎಷ್ಟೋ ಕಡೆ ಮೇಷ್ಟ್ರಾದರು.

ಮೂರು ವರ್ಷದ ಕರಾರು ಮುಗಿಯುವ ಹೊತ್ತಿಗೆ ಕ್ಲೇರ್ ಮದುವೆಯಾದರು. 1819ರ ಮೇ 3ರಂದು, ಶಾಲೆಯ ಮೊದಲ ವಿದ್ಯಾರ್ಥಿನಿಯರಲ್ಲಿ ಒಬ್ಬರಾದ ಎಲೈಜಾ ಬೋರ್ಡ್‌ಮನ್ ಜತೆ. ಕಿವುಡರಿಬ್ಬರು ಮದುವೆಯಾದರೆ ಮಕ್ಕಳೂ ಹಾಗೇ ಹುಟ್ಟಿದರೆ ಎಂಬ ಅಳುಕು ಸ್ವತಃ ಗ್ಯಾಲೊಡೆಟ್‌ಗೂ ಇತ್ತು. ಈ ಜೋಡಿ ಹಿಂಜರಿಯಲಿಲ್ಲ. ಆರು ಮಕ್ಕಳು ಹುಟ್ಟಿದರು, ಇಬ್ಬರು ಎಳವೆಯಲ್ಲೇ ಹೋದರು. ಮಕ್ಕಳಿಗೆ ಕಿವಿ ಕೇಳಿಸುತ್ತಿತ್ತು. ತಮಾಷೆಯೆಂದರೆ, ಎರಡೇ ವರ್ಷದಲ್ಲಿ ಗ್ಯಾಲೊಡೆಟ್ ಕೂಡ ಅದೇ ಶಾಲೆಯ ಕಿವುಡ ವಿದ್ಯಾರ್ಥಿನಿ ಸೋಫಿಯಾ ಫೌಲರ್ ಅವರನ್ನು ಮದುವೆಯಾದ.

ಕ್ಲೇರ್ ಫ್ರಾನ್ಸ್ ನೋಡಲು ಮೂರು ಸಲ ಹೋಗಿಬಂದರು. ಪ್ರತಿ ಸಲವೂ ಹಾರ್ಟ್‌ಫರ್ಡ್‌ಗೇ ಮರಳಿದರು. ಆಲಿಸ್ ಬಹುಕಾಲ ಬದುಕಲಿಲ್ಲ. 1830ರಲ್ಲಿ ತಂದೆ ತೀರಿಕೊಂಡ ಕೆಲವೇ ದಿನಗಳಲ್ಲಿ, 25ನೆಯ ವಯಸ್ಸಿಗೆ ಅವಳೂ ಹೋದಳು. 1850ರಲ್ಲಿ ಹಳೆಯ ವಿದ್ಯಾರ್ಥಿಗಳು ದೂರದೂರದಿಂದ ಹಾರ್ಟ್‌ಫರ್ಡ್‌ಗೆ ಬಂದು ಸೇರಿ, ತಾವೇ ಹಣ ಹಾಕಿ ಮಾಡಿಸಿದ ಬೆಳ್ಳಿಯ ಹೂಜಿ, ತಟ್ಟೆಗಳನ್ನು ಇಬ್ಬರು ಗುರುಗಳಿಗೂ ಕೊಟ್ಟರು. ಮಾತಾಡಿದ್ದೆಲ್ಲ ಕೈಯಲ್ಲೇ. ಮರುವರ್ಷ ಗ್ಯಾಲೊಡೆಟ್ ತೀರಿಕೊಂಡ. ಕ್ಲೇರ್ ಪಾಠ ಹೇಳುವುದನ್ನು ನಿಲ್ಲಿಸಿದ್ದು 1858ರಲ್ಲಿ. ಮೂರು ವರ್ಷಕ್ಕೆಂದು ಬಂದವರು ನಾಲ್ಕು ದಶಕ ಪಾಠ ಹೇಳಿದ್ದರು.

ಆದರೂ ಅವರು ಒಂದು ಕೆಲಸಕ್ಕೆ ಇನ್ನೂ ಬರಬೇಕಿತ್ತು. ವಾಷಿಂಗ್ಟನ್ನಿನಲ್ಲಿ ಏಮಸ್ ಕೆಂಡಾಲ್ ಎಂಬುವರು ಕೊಟ್ಟ ಜಾಗದಲ್ಲಿ ಒಂದು ಶಾಲೆ ನಡೆಯುತ್ತಿತ್ತು. ಅದರ ಮುಖ್ಯಸ್ಥ ಎಡ್ವರ್ಡ್ ಮೈನರ್ ಗ್ಯಾಲೊಡೆಟ್, ಥಾಮಸ್ ಮತ್ತು ಸೋಫಿಯಾರ ಕಿರಿಯ ಮಗ. ಅಮ್ಮನ ಮಡಿಲಲ್ಲೇ ಸನ್ನೆ ಭಾಷೆ ಕಲಿತವನು. ಕಿವುಡರಿಗೂ ಪದವಿ ಸಿಗಬೇಕು ಎಂಬುದು ಅವನ ಹಟ. ಅಂತರ್ಯುದ್ಧ ನಡೆಯುತ್ತಿದ್ದ ಕಾಲ. ಅದರ ನಡುವೆಯೇ, 1864ರ ಏಪ್ರಿಲ್ 8ರಂದು, ಪದವಿ ಕೊಡುವ ಅಧಿಕಾರದ ಕಾಯ್ದೆಗೆ ಅಬ್ರಹಾಂ ಲಿಂಕನ್ ಸಹಿ ಹಾಕಿದರು. ಜೂನ್ 28ರಂದು ಕಾಲೇಜಿನ ಉದ್ಘಾಟನೆ. ವೇದಿಕೆಯ ಮೇಲೆ 78 ವರ್ಷದ ಲೊರಾಂ ಕ್ಲೇರ್ ಇದ್ದರು. ಗಲ್ಲಕ್ಕೆ ಗುದ್ದು ತಿಂದು ಬಾಯಿಮಾತು ಬಿಟ್ಟ ಹುಡುಗ, ಮುದುಕನಾಗಿ, ಕಿವುಡರ ಕಾಲೇಜು ಆರಂಭವಾದ ದಿನ ತನ್ನ ಭಾಷೆಯಲ್ಲೇ ಭಾಷಣ ಮಾಡಿದ. ಇಂದು ಗ್ಯಾಲೊಡೆಟ್ ವಿಶ್ವವಿದ್ಯಾಲಯ ಎನ್ನುವುದು ಇದನ್ನೇ.

ಐದು ವರ್ಷಗಳ ನಂತರ, 1869ರ ಜುಲೈ 18ರಂದು ಕ್ಲೇರ್ ಹಾರ್ಟ್‌ಫರ್ಡ್‌ನಲ್ಲೇ ತೀರಿಕೊಂಡರು. ಆಮೇಲೆ ನಡೆದದ್ದನ್ನು ಅವರು ನೋಡಲಿಲ್ಲ, ಒಳ್ಳೆಯದೇ ಆಯಿತು. 1880ರಲ್ಲಿ ಇಟಲಿಯ ಮಿಲಾನ್‌ನಲ್ಲಿ ಕಿವುಡರ ಶಿಕ್ಷಣ ಕುರಿತ ಸಮ್ಮೇಳನ ಸೇರಿತು. ಬಂದವರು ಹೆಚ್ಚುಕಡಿಮೆ ಎಲ್ಲರೂ ಕಿವಿ ಕೇಳಿಸುವವರು. ಶಾಲೆಗಳಲ್ಲಿ ಇನ್ನು ಬಾಯಿಮಾತೇ ಇರಬೇಕು, ಸನ್ನೆ ಬೇಡ ಎಂದು ಠರಾವು ಮಾಡಿದರು. ಎಡ್ವರ್ಡ್ ಗ್ಯಾಲೊಡೆಟ್ ಮತ್ತು ಕೆಲವರು ವಿರೋಧಿಸಿದರೂ ನಡೆಯಲಿಲ್ಲ. ಕ್ಲೇರ್ ಓದಿದ ಪ್ಯಾರಿಸ್ ಶಾಲೆಯೂ ಕೈ ಕಟ್ಟಿ ಹಾಕಿತು. ದೇಶದೇಶಗಳಿಗೆ ಆ ಗಾಳಿ ಬೀಸಿತು.

ನಮ್ಮಲ್ಲಿಗೂ ಬಂತು. ತಮ್ಮ ಓದಿದ ಹಾಸ್ಟೆಲ್ ಶಾಲೆಯಲ್ಲಿ ಸನ್ನೆ ಮಾಡಿದರೆ ಬೆರಳ ಗಂಟಿಗೆ ಸ್ಕೇಲಿನ ಏಟು ಬೀಳುತ್ತಿತ್ತು. ಹಗಲೆಲ್ಲ ಅಮ್ಮ, ಅಪ್ಪ ಎಂದು ತುಟಿ ತಿದ್ದಿಸುತ್ತಿದ್ದರು. ರಾತ್ರಿ ದೀಪ ಆರಿಸುವ ಮುನ್ನ ದೊಡ್ಡ ಹುಡುಗರಿಂದ ಚಿಕ್ಕವರು ಕದ್ದು ಭಾಷೆ ಕಲಿಯುತ್ತಿದ್ದರು. ರಜೆಗೆ ಬಂದಾಗ ಅವನ ಬೆರಳುಗಳ ಬಾವು ನೋಡಿಯೂ ನಾವು, ಮಾತು ಬರಲಿ ಅಂತ ತಾನೇ, ಎಂದು ಸಮಾಧಾನ ಮಾಡಿಕೊಂಡೆವು. ಯಾರ ಮಾತು ಎಂದು ಕೇಳಿಕೊಳ್ಳಲಿಲ್ಲ.

ಮಿಲಾನ್ ಗಾಳಿಯಲ್ಲೂ ದೀಪ ಆರದೆ ಉಳಿದ ಜಾಗ ವಾಷಿಂಗ್ಟನ್ನಿನ ಆ ಕಾಲೇಜು. 1960ರಲ್ಲಿ ಅಲ್ಲಿನ ಇಂಗ್ಲಿಷ್ ಮೇಷ್ಟ್ರು ವಿಲಿಯಂ ಸ್ಟೋಕೊ, ಸನ್ನೆ ಭಾಷೆಗೂ ಕನ್ನಡ, ಇಂಗ್ಲಿಷ್‌ಗಳಂತೆ ತನ್ನದೇ ಕಟ್ಟು, ನಿಯಮ ಇದೆ ಎಂದು ಬಿಡಿಸಿ ತೋರಿಸಿದರು. 1988ರ ಮಾರ್ಚ್‌ನಲ್ಲಿ ವಿದ್ಯಾರ್ಥಿಗಳು, ನಮಗೆ ಕಿವುಡರೇ ಅಧ್ಯಕ್ಷರಾಗಿ ಬೇಕು ಎಂದು ಗೇಟು ಮುಚ್ಚಿ ಕೂತರು. ಒಂದೇ ವಾರದಲ್ಲಿ ಗೆದ್ದರು. ಐ. ಕಿಂಗ್ ಜೋರ್ಡನ್ ಅಧ್ಯಕ್ಷರಾದರು. ಕಾಲೇಜು ಆರಂಭವಾಗಿ 124 ವರ್ಷದ ಮೇಲೆ! ಅಲ್ಲಿ ಇಂದು ಚಪ್ಪಾಳೆಯೆಂದರೆ ಮೇಲೆತ್ತಿ ಅಲ್ಲಾಡಿಸುವ ನೂರಾರು ಕೈಗಳು. ಮಾತಾಡುತ್ತಾ ನಡೆಯುವ ಇಬ್ಬರಿಗೆ ಒಬ್ಬರ ಕೈ ಒಬ್ಬರಿಗೆ ಕಾಣಬೇಕಲ್ಲ, ಅದಕ್ಕೆಂದು ಓಣಿಗಳನ್ನು ಅಗಲ ಮಾಡಿ ಕಟ್ಟಡಗಳನ್ನು ಕಟ್ಟಿದ್ದಾರೆ. ಶಾಲಾ ಮಕ್ಕಳ ಶಿಕ್ಷಣಕ್ಕಾಗಿ ಅಲ್ಲಿರುವ ಕೇಂದ್ರಕ್ಕೆ ಕ್ಲೇರ್ ಹೆಸರಿದೆ.

ಆ ವಿಶ್ವವಿದ್ಯಾಲಯದ ನಂಟು ನಮ್ಮವರೆಗೂ ಬರುತ್ತದೆ. 1970ರ ದಶಕದ ಕೊನೆಯಲ್ಲಿ ಅಲ್ಲಿನ ಭಾಷಾತಜ್ಞ ಜೇಮ್ಸ್ ವುಡ್‌ವರ್ಡ್, ಹಿಮಾಚಲದ ಹಳ್ಳಿಯಿಂದ ಹೋಗಿ ಅಲ್ಲೇ ಓದಿದ ಕಿವುಡ ವಿದ್ವಾಂಸ ಮದನ್ ವಸಿಷ್ಠ ಮತ್ತು ಸಂಗಡಿಗರು ಭಾರತದ ಸನ್ನೆಗಳನ್ನು ಅಭ್ಯಾಸ ಮಾಡಿದರು. ದೆಹಲಿ, ಮುಂಬೈ, ಕೋಲ್ಕತ್ತ, ಬೆಂಗಳೂರು ಸುತ್ತಿ ನೋಡಿದಾಗ, ಪದಗಳಲ್ಲಿ ಅಲ್ಲಿಷ್ಟು ಇಲ್ಲಿಷ್ಟು ವ್ಯತ್ಯಾಸ ಬಿಟ್ಟರೆ ವ್ಯಾಕರಣ ಒಂದೇ ಎಂದು ಕಂಡಿತು. ಮೆಟ್ರೊದಲ್ಲಿ ನನ್ನ ತಮ್ಮನಿಗೆ ಎರಡು ಸ್ಟೇಷನ್ ಸಾಕಾದದ್ದು ಏಕೆಂದು ನನಗೆ ಆಗ ಅರ್ಥವಾಯಿತು. ಕನ್ನಡ, ಹಿಂದಿಗಳ ನಡುವೆ ನಾವು ಎಳೆದ ಗಡಿ ಅವನ ಕೈಗಳಿಗೆ ಇಲ್ಲ.

2015ರಲ್ಲಿ ದೆಹಲಿಯಲ್ಲಿ ಭಾರತೀಯ ಸನ್ನೆ ಭಾಷೆಯ ಸಂಶೋಧನೆ ಮತ್ತು ತರಬೇತಿ ಕೇಂದ್ರ ಆರಂಭವಾಗಿದೆ. 10,000 ಪದಗಳ ನಿಘಂಟನ್ನು ಅದು ವಿಡಿಯೊ ರೂಪದಲ್ಲಿ ತಂದಿದೆ. ಮುಂಬೈ, ಪುಣೆ, ಹೈದರಾಬಾದ್, ಎಲ್ಲಿದ್ದರೂ ಫೋನಿನಲ್ಲೇ ನೋಡಬಹುದು. ಪ್ರತಿ ಸೆಪ್ಟೆಂಬರ್ 23 ಅಂತರರಾಷ್ಟ್ರೀಯ ಸನ್ನೆ ಭಾಷೆಗಳ ದಿನ. ನವೆಂಬರ್ 1 ಬಂದರೆ ಹೊರನಾಡಿನ ನಾವು ಬಾವುಟ ಹಿಡಿದು ಸಂಘದ ಸಭಾಂಗಣಕ್ಕೆ ಓಡುತ್ತೇವೆ. ತನ್ನ ಭಾಷೆಗೊಂದು ದಿನ ಇರುವುದರ ಸಂಭ್ರಮ ಏನೆಂದು ನಮಗೆ ಬೇರೆಯವರು ಹೇಳಿಕೊಡಬೇಕಿಲ್ಲ.

ತಮ್ಮ ಊರಿಗೆ ಹೋದ ಮೇಲೆ ನಾನು ಕಲಿಯಲು ಶುರುಮಾಡಿದ್ದೇನೆ. ಭಾನುವಾರ ಸಂಜೆ ವಿಡಿಯೊ ಕರೆ. ಮೊದಲೆಲ್ಲ ಅವನಿಗೆ ಮೆಸೇಜು ಬರೆಯುತ್ತಿದ್ದೆ: ಊಟ ಆಯ್ತಾ, ಅಂಗಡಿ ಹೇಗಿದೆ, ಅಷ್ಟೇ. ಈಗ ನನ್ನ ಕೈಗಳು ತೊದಲುತ್ತವೆ. ಅವನು ಫೋನನ್ನು ಹೊಲಿಗೆ ಮೆಷಿನ್ನಿಗೆ ಒರಗಿಸಿಟ್ಟು, ನನ್ನ ಬೆರಳು ತಪ್ಪಿದ ಕಡೆ ತಲೆ ಅಲ್ಲಾಡಿಸಿ ತಿದ್ದುತ್ತಾನೆ. ಸ್ಕೇಲಿಲ್ಲ, ಸಿಟ್ಟಿಲ್ಲ. ಹೋದ ವಾರ ಹಾಸ್ಟೆಲ್ಲಿನ ಕತೆಯೊಂದನ್ನು ಉದ್ದಕ್ಕೆ ಹೇಳಿದ. ಅರ್ಧ ತಿಳಿಯಿತು. ಉಳಿದರ್ಧವನ್ನು ಈ ಭಾನುವಾರ ಮತ್ತೆ ಕೇಳಬೇಕು.